ಎತ್ತಿ ಎತ್ತಿ ಸೊಂಟ ಸೋತಿದೆ

ಪ್ರಶ್ನೆ: ಮಗನಿಗೆ 9 ವರ್ಷ, ಸೆರೆಬ್ರಲ್ ಪಾಲ್ಸಿ (ಮೆದುಳಿನ ತೊಂದರೆಯಿಂದ ಕೈಕಾಲುಗಳ ಹಿಡಿತ ತಪ್ಪುವ ಸ್ಥಿತಿ). 22 ಕೆ.ಜಿ. ಇದ್ದಾನೆ. ದಿನಕ್ಕೆ ಹತ್ತು ಸಲ ಎತ್ತಬೇಕು. ಸೊಂಟನೋವು, ನಿದ್ದೆಯಿಲ್ಲ, ಎಲ್ಲದಕ್ಕೂ ಸಿಡುಕು. ನನ್ನ ಬಗ್ಗೆ ಯೋಚಿಸುವುದೇ ತಪ್ಪೆನಿಸುತ್ತದೆ.
– ಓದುಗರು, ಹಾಸನ

ಉತ್ತರ: ಖಂಡಿತ ತಪ್ಪಲ್ಲ, ತಾಯಿ. ಇನ್ನೂ ಎಷ್ಟೋ ವರ್ಷ ಅವನಿಗೆ ಆಸರೆ ನಿಮ್ಮ ಸೊಂಟವೇ.

ಬಾಗಿ ಎತ್ತಿ, ಹಾಗೇ ಸೊಂಟ ತಿರುಚುವುದರಿಂದ ನೋವು ಹೆಚ್ಚುತ್ತದೆ. ವೀಲ್‌ಚೇರನ್ನು ಮಂಚಕ್ಕೆ ತಾಗಿಸಿ ಓರೆಯಾಗಿ ನಿಲ್ಲಿಸಿ. ಎರಡೂ ಬ್ರೇಕ್ ಹಾಕಿ, ಪಾದದ ಹಲಗೆ ಮಡಚಿ. ಮಗನನ್ನು ಅಂಚಿಗೆ ಸರಿಸಿ, ಅವನ ಪಾದ ನೆಲಕ್ಕೂರಿಸಿ. ನೀವು ಮಂಡಿ ಬಗ್ಗಿಸಿ, ಅವನನ್ನು ಮೈಗೊತ್ತಿ ಹಿಡಿದು ಏಳಿ. ಸೊಂಟ ತಿರುಗಿಸದೆ, ಹೆಜ್ಜೆ ಎತ್ತಿಟ್ಟು ತಿರುಗಿ. ಕಂಕುಳಿಗೆ ಕೈಹಾಕಿ ಎಳೆದರೆ ಅವನ ಭುಜಕ್ಕೆ ಪೆಟ್ಟು. ನೆಲದ ಹಾಸಿಗೆಯಿಂದ ಒಬ್ಬರೇ ಎತ್ತಲೇಬೇಡಿ; ಕುರ್ಚಿಯಷ್ಟೇ ಎತ್ತರದ ಮಂಚ ಮಾಡಿಸಿ. ನಿಮಗೆ ಕಾಲು ಜೋಮು ಹಿಡಿದರೆ, ಮೂತ್ರದ ಹಿಡಿತ ತಪ್ಪಿದರೆ ತಕ್ಷಣ ವೈದ್ಯರನ್ನು ಕಾಣಿ.

ರಾತ್ರಿಯನ್ನು ಯಜಮಾನರೊಂದಿಗೆ ಹಂಚಿಕೊಳ್ಳಿ: ಒಂದು ರಾತ್ರಿ ಅವರು, ಒಂದು ರಾತ್ರಿ ನೀವು. ನಿಮ್ಮ ಸರದಿಯಿಲ್ಲದ ದಿನ ಬೇರೆ ಕೋಣೆಯಲ್ಲೇ ಮಲಗಿ. ಪಕ್ಕದಲ್ಲಿದ್ದರೆ ಪ್ರತಿ ಮಿಸುಕಿಗೂ ಎಚ್ಚರವಾಗುತ್ತದೆ. ಮನಸ್ಸು ಭಾರವಾದಾಗ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆಮಾಡಿ. ಉಚಿತ, ಕನ್ನಡದಲ್ಲೇ ಮಾತಾಡಬಹುದು. ಮಗನ ಹೆಸರಲ್ಲಿ ಕೇಂದ್ರ ಸರ್ಕಾರದ ‘ನಿರಾಮಯ’ ಆರೋಗ್ಯ ವಿಮೆ ಮಾಡಿಸಿದ್ದೀರಾ? ವರ್ಷಕ್ಕೆ 1 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ, ಥೆರಪಿಯೂ ಸೇರಿ.