ಎತ್ತರದ ಟವರ್‌ಗಳು ಯಾಕೆ ಕುಸಿಯುತ್ತವೆ?

ಕುಂಬಳೆಯ ನಿಮ್ಮ ಮನೆ ಪಕ್ಕದ ಮೊಬೈಲ್ ಟವರ್ ಮಳೆಗಾಲದ ಗಾಳಿಗೆ ಬೀಳಬಹುದಾ ಎಂದು ಕೇಳಿದ್ದೀರಿ. ಭಯ ಸಹಜವೇ.

ಗಾಳಿಯ ವೇಗ ಎರಡು ಪಟ್ಟಾದರೆ ಒತ್ತಡ ನಾಲ್ಕು ಪಟ್ಟಾಗುತ್ತದೆ. ಇದನ್ನು ಲೆಕ್ಕ ಹಾಕಿಯೇ ಟವರ್ ಕಟ್ಟುತ್ತಾರೆ. ತೊಂದರೆ ಶುರುವಾಗುವುದು ಆಮೇಲೆ. ಹೊಸ ಹೊಸ ಆಂಟೆನಾ ಸೇರಿಸುತ್ತಾ ಹೋದರೆ ಗಾಳಿ ತಾಗುವ ಜಾಗ ಜಾಸ್ತಿಯಾಗುತ್ತದೆ. ನಮ್ಮ ಕರಾವಳಿಯ ಉಪ್ಪುಗಾಳಿಗೆ ಬೋಲ್ಟ್ ತುಕ್ಕು ಹಿಡಿಯುತ್ತದೆ. ಜೋರು ಗಾಳಿಗೆ ಟವರಿನ ಒಂದು ಬದಿ ಎಳೆದಂತಾಗುತ್ತದೆ, ಎದುರು ಬದಿಯ ಕಾಲು ಅದುಮಿದಂತಾಗುತ್ತದೆ. ಅಲ್ಲಿ ಅಡ್ಡಪಟ್ಟಿ ಸಡಿಲವಾಗಿದ್ದರೆ ಕಾಲು ಬಾಗಿ ಮಡಚಿಕೊಳ್ಳಬಹುದು.

ರೇಡಿಯೋ ಮಾಸ್ಟ್‌ಗಳ ವಿಷಯ ಬೇರೆ. ಅವುಗಳಲ್ಲಿ ಹೆಚ್ಚಿನವು ತೆಳ್ಳಗಿನ ಕಂಬಗಳು, ಸುತ್ತ ಬಿಗಿದ ಉಕ್ಕಿನ ಹಗ್ಗಗಳೇ ಆಧಾರ. ಒಂದು ಹಗ್ಗ ಹೋದರೆ ಉಳಿದ ಹಗ್ಗಗಳೇ ಕಂಬವನ್ನು ತಮ್ಮ ಕಡೆ ಎಳೆಯುತ್ತವೆ. ಪೋಲೆಂಡಿನ ವಾರ್ಸಾ ರೇಡಿಯೋ ಮಾಸ್ಟ್ 646 ಮೀಟರ್ ಎತ್ತರವಿತ್ತು, ಆಗ ಜಗತ್ತಿನಲ್ಲೇ ಅತಿ ಎತ್ತರದ್ದು. 1991ರ ಆಗಸ್ಟ್ 8ರಂದು ಅದು ಕುಸಿದದ್ದು ಹಗ್ಗ ಬದಲಿಸುವ ಕೆಲಸದ ನಡುವೆ! ಚಳಿ ದೇಶಗಳಲ್ಲಿ ಮಂಜುಗಡ್ಡೆಯ ಭಾರವೂ ಸೇರುತ್ತದೆ. ಕಾಸರಗೋಡಿಗೆ ಆ ಚಿಂತೆ ಇಲ್ಲ.

ನೀವು ಬೇಲಿಯ ಹೊರಗಿನಿಂದಲೇ ಟವರಿನ ಬುಡ ನೋಡಿ. ದಪ್ಪ ತುಕ್ಕು, ಬೋಲ್ಟ್ ಇಲ್ಲದ ತೂತು, ನೀರು ಕೊರೆದ ಮಣ್ಣು ಕಂಡರೆ ಫೋಟೋ ತೆಗೆದು ಪಂಚಾಯತಿಗೆ ಬರವಣಿಗೆಯಲ್ಲೇ ದೂರು ಕೊಡಿ.