ರಕ್ತ ಕೊಟ್ಟ ಮೇಲೆ ‘ಎಚ್‌ಐವಿ ರಿಯಾಕ್ಟಿವ್’ ಅಂದರೆ ಕಾಯಿಲೆ ಇದೆ ಅಂತಲೇ ಅರ್ಥವೇ?

ಮಧುಗಿರಿ ಶಿಬಿರದಲ್ಲಿ ರಕ್ತ ಕೊಟ್ಟಿರಿ, ತುಮಕೂರಿಗೆ ಕರೆಸಿ ‘ರಿಯಾಕ್ಟಿವ್’ (ಮೊದಲ ಟೆಸ್ಟ್‌ನಲ್ಲಿ ಸೋಂಕಿನ ಸುಳಿವು ಕಂಡಿದೆ) ಅಂದರು. ಟೆಸ್ಟ್ ಶೇ. 99.5 ಸರಿ ಅಂದಮೇಲೆ ಕಾಯಿಲೆ ಇರೋದೂ ಶೇ. 99.5 ಗ್ಯಾರಂಟಿಯೇ ಅಂತ ಕೇಳಿದ್ದೀರಿ. ಅಲ್ಲ, ಖಂಡಿತ ಅಲ್ಲ.

ಲೆಕ್ಕಕ್ಕೆ ಅಂತ ಇಟ್ಟುಕೊಳ್ಳಿ: 10,000 ದಾನಿಗಳಲ್ಲಿ 20 ಜನಕ್ಕೆ ನಿಜವಾಗಿ ಸೋಂಕಿದೆ, ಅಷ್ಟೂ ಜನ ಸಿಕ್ಕಿಬಿದ್ದರು. ಉಳಿದ 9,980 ಜನರಲ್ಲಿ ಶೇ. 0.5 ತಪ್ಪಾದರೂ ಸುಮಾರು 50 ಜನಕ್ಕೆ ಸುಮ್ಮನೆ ರಿಯಾಕ್ಟಿವ್ ಬರುತ್ತದೆ. ಒಟ್ಟು 70ರಲ್ಲಿ ನಿಜವಾದದ್ದು 20. ಶಿಬಿರಕ್ಕೆ ಬರುವವರಲ್ಲಿ ಸೋಂಕು ಅಪರೂಪವಾದಷ್ಟೂ ಸುಳ್ಳು ರಿಯಾಕ್ಟಿವ್‌ಗಳದ್ದೇ ಮೇಲುಗೈ.

ರಕ್ತನಿಧಿ ಬೇಕಂತಲೇ ಹೀಗೆ ಬಿಗಿಯಾಗಿರುತ್ತದೆ. ಒಳ್ಳೆಯ ಚೀಲ ಎಸೆದರೆ ಒಂದು ಚೀಲ ಹೋಯಿತು ಅಷ್ಟೇ. ಕೆಟ್ಟದ್ದು ದಾಟಿದರೆ ಇನ್ನೊಬ್ಬರ ಮೈಗೆ ಹೋಗುತ್ತದೆ.

ರಕ್ತನಿಧಿ ಮಾಡುವ ಎಲೈಸಾ ಟೆಸ್ಟ್‌ನಲ್ಲಿ ಸೋಂಕಿನ ಸುಳಿವಿದ್ದರೆ ಬಣ್ಣ ಬರುತ್ತದೆ. ಅದರ ತಟ್ಟೆಯಲ್ಲಿ 96 ಗುಳಿಗಳು. ಒಂದು ಗುಳಿಯನ್ನು ತೊಳೆದದ್ದು ಸಾಲದೆ ಹೋದರೆ, ಸರಿಯಾಗಿ ಹೆಪ್ಪುಗಟ್ಟದ ಸ್ಯಾಂಪಲ್‌ನ ಎಳೆ ಉಳಿದರೆ, ಸೋಂಕಿಲ್ಲದಿದ್ದರೂ ಬಣ್ಣ ಬರುತ್ತದೆ. ಕೆಲವರ ರಕ್ತದಲ್ಲಿರುವ ಬೇರೆ ಆ್ಯಂಟಿಬಾಡಿಗಳೇ ಆ ಕಿಟ್‌ಗೆ ಅಂಟಿಕೊಳ್ಳುತ್ತವೆ. ಅಂಥವರಿಗೆ ಅದೇ ಕಿಟ್‌ನಲ್ಲಿ ಹತ್ತು ಸಲ ಮಾಡಿದರೂ ಅದೇ ತಪ್ಪು, ಹಾಗಾಗಿ ಕಿಟ್ ಬದಲಾಗಬೇಕು. ಕಟ್‌ಆಫ್‌ನ (ರಿಯಾಕ್ಟಿವ್ ಅನ್ನಲು ಇಟ್ಟ ಗಡಿಯ) ಎಷ್ಟು ಪಟ್ಟು ಬಂತು ಅಂತ ಕೇಳಿ. 1.2 ಬಂದಿದ್ದರೆ ಸುಳ್ಳಾಗಿರುವ ಸಾಧ್ಯತೆ ಹೆಚ್ಚು. 15, 20 ಆದರೆ ಹಾಗೆನ್ನಲಾಗದು. ಎರಡೂ ಕೊನೆಯ ಮಾತಲ್ಲ.

ನಾನು ಹೇಳುವುದು: ಊರಿನ ಲ್ಯಾಬ್‌ನಲ್ಲಿ ಒಂದು ಕಾರ್ಡ್ ಟೆಸ್ಟ್ ಮಾಡಿಸಿ ನಿರಾಳವಾಗಬೇಡಿ. ಜಿಲ್ಲಾಸ್ಪತ್ರೆಯ ಐಸಿಟಿಸಿಗೆ (ಎಚ್‌ಐವಿ ಆಪ್ತಸಲಹೆ ಮತ್ತು ಪರೀಕ್ಷಾ ಕೇಂದ್ರ) ಹೋಗಿ, ದುಡ್ಡು ಕೊಡಬೇಕಿಲ್ಲ. ಮೊದಲ ಟೆಸ್ಟ್ ರಿಯಾಕ್ಟಿವ್ ಬಂದರೆ ಬೇರೆ ಬೇರೆ ಬಗೆಯ ಇನ್ನೆರಡು ಕಿಟ್‌ಗಳಲ್ಲಿ ನೋಡುತ್ತಾರೆ. ಮೂರೂ ಹೌದೆಂದರೆ ಮಾತ್ರ ಪಾಸಿಟಿವ್. ಒಂದಕ್ಕೊಂದು ತಾಳೆಯಾಗದಿದ್ದರೆ 2ರಿಂದ 4 ವಾರ ಬಿಟ್ಟು ಮತ್ತೆ ರಕ್ತ ತೆಗೆಯುತ್ತಾರೆ. ಆ ದಿನ ತಪ್ಪಿಸಬೇಡಿ.

ಫಲಿತಾಂಶ ಬರುವವರೆಗೆ ಕಾಂಡೋಮ್ ಬಳಸಿ, ಎಲ್ಲೂ ರಕ್ತ ಕೊಡಬೇಡಿ. 2017ರ ಎಚ್‌ಐವಿ–ಏಡ್ಸ್ ಕಾಯ್ದೆ ಪ್ರಕಾರ ನಿಮ್ಮ ಒಪ್ಪಿಗೆಯಿಲ್ಲದೆ ಸಿಬ್ಬಂದಿ ವಿಷಯ ಹೊರಗೆ ಹೇಳುವಂತಿಲ್ಲ. ತಲೆ ಕೆಟ್ಟರೆ ಏಡ್ಸ್ ಸಹಾಯವಾಣಿ 1097ಕ್ಕೆ ಫೋನ್ ಮಾಡಿ.

ಇದನ್ನು ಓದುತ್ತಿರುವ ಬೇರೆಯವರಿಗೊಂದು ಮಾತು: ‘ಪುಕ್ಕಟೆ ಟೆಸ್ಟ್ ಆಗುತ್ತೆ’ ಅಂತ ರಕ್ತ ಕೊಡುವವರಿದ್ದಾರೆ, ಅದು ಅಪಾಯ. ಹೊಸ ಸೋಂಕು ಮೊದಲ ಕೆಲವು ವಾರ ಎಲೈಸಾಗೆ ಕಾಣದೇ ಹೋಗಬಹುದು, ವೈರಸ್ಸನ್ನೇ ನೇರ ಹುಡುಕುವ ನ್ಯಾಟ್ ಟೆಸ್ಟ್‌ಗೂ ಸುಮಾರು 10 ದಿನ ಬೇಕು. ಅನುಮಾನವಿದ್ದರೆ ಶಿಬಿರದ ಸಾಲಿನಲ್ಲಿ ನಿಲ್ಲಬೇಡಿ, ನೇರ ಐಸಿಟಿಸಿಗೆ ಹೋಗಿ.