ಒಂದೇ ಮನೆ, ಎರಡು ಅಭಯಾರಣ್ಯ

ಓದುಗರ ಪತ್ರ: ಕಳೆದ ಸಂಚಿಕೆಯ ಶರಾವತಿ ಕಣಿವೆಯ ಲೇಖನಕ್ಕೆ ‘ಮನುಷ್ಯರ ಕಾಲು ಸೋಕದ ಕಾಡು’ ಅಂತ ಶೀರ್ಷಿಕೆ ಕೊಟ್ಟಿದ್ದೀರಿ. ಅದರ ಚಿತ್ರದಲ್ಲಿ ಕಾಣುವ ಹಿನ್ನೀರಿನ ಅಡಿ ನಮ್ಮ ಮನೆ ಇತ್ತು, ತೋಟ ಇತ್ತು. ಮುಳುಗಡೆಯಾದಾಗ ನನಗೆ ಎಂಟು ವರ್ಷ. ನಮ್ಮನ್ನು ಶಿವಮೊಗ್ಗದ ಕಡೆಯ ಕಾಡಿಗೆ ತಂದು ಬಿಟ್ಟರು. ಆ ಜಾಗವೂ ಆಮೇಲೆ ಶೆಟ್ಟಿಹಳ್ಳಿ ಅಭಯಾರಣ್ಯವಾಯಿತು. ಇವತ್ತಿಗೂ ಹಕ್ಕುಪತ್ರ ಇಲ್ಲ. ನಮ್ಮನ್ನು ಒತ್ತುವರಿದಾರರು ಅನ್ನುತ್ತಾರೆ. ಇಷ್ಟೆಲ್ಲ ಆದಮೇಲೂ ಕಾಡು ಉಳಿಸಿ ಅಂತ ನಮಗೆ ಯಾಕೆ ಹೇಳುತ್ತೀರಿ? ನಾನೇ ನೆನಪಿನಿಂದ ಬರೆದ ನಮ್ಮೂರಿನ ನಕ್ಷೆ ಜೊತೆಗಿದೆ. ನೋಡಿ, ಅಲ್ಲಿ ಕಾಲು ಸೋಕಿತ್ತೋ ಇಲ್ಲವೋ ಹೇಳಿ.
— ನಿವೃತ್ತ ಶಿಕ್ಷಕಿ, ಶಿವಮೊಗ್ಗ ತಾಲ್ಲೂಕು (ಹೆಸರು ಹಾಕಬೇಡಿ ಎಂದಿದ್ದಾರೆ)

ಅಕ್ಕೋರೇ,

ನಮ್ಮ ಶಾಲೆಯಲ್ಲಿ ಟೀಚರನ್ನು ಹೀಗೇ ಕರೆಯುತ್ತಿದ್ದೆವು. ನಿಮ್ಮನ್ನೂ ಹಾಗೇ ಕರೆಯುತ್ತೇನೆ.

ಆ ಶೀರ್ಷಿಕೆ ಕೊಟ್ಟದ್ದು ನಾನು. ಲೇಖನ ಬರೆದವರು ಬೇರೆ ಹೆಸರಿಟ್ಟಿದ್ದರು, ಬದಲಿಸಿದ್ದು ನಾನೇ. ಕೇಳಲು ಚೆನ್ನಾಗಿತ್ತು, ಆದರೆ ನಿಜವಾಗಿರಲಿಲ್ಲ. ಕ್ಷಮಿಸಿ. ನಿಮ್ಮ ಪತ್ರ ಬಂದ ದಿನವೇ ಉತ್ತರ ಬರೆಯಲು ಕೂತೆ. ಆದರೆ ನಕ್ಷೆ ಬಿಚ್ಚಿದ ಮೇಲೆ ಎರಡು ದಿನ ಬರೆಯಲು ಆಗಲಿಲ್ಲ. ಅಬ್ಬಿಯಿಂದ ಅಡಿಕೆ ದಬ್ಬೆಯಲ್ಲಿ ನೀರು ಮನೆಯ ಹಿಂದಿನ ಬಾನಿಗೆ, ಅಂದರೆ ತೊಟ್ಟಿಗೆ, ಬೀಳುತ್ತಿದ್ದದ್ದನ್ನು ಕೂಡ ಗೆರೆ ಎಳೆದು ತೋರಿಸಿದ್ದೀರಿ.

ನಿಮ್ಮ ಮನೆ ಈಗ ಎಲ್ಲಿದೆ ಅನ್ನುವುದರಿಂದಲೇ ಶುರು ಮಾಡುತ್ತೇನೆ. ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ. ಶರಾವತಿ ಕಣಿವೆಯನ್ನು ಅಭಯಾರಣ್ಯ ಮಾಡಿದ್ದು 1972ರಲ್ಲಿ. ಮೊದಲು ನೀರು ಬಂತು, ಆಮೇಲೆ ಗಡಿ ಬಂತು. ಆಗ ಗುರುತು ಮಾಡಿದ 431 ಚದರ ಕಿಲೋಮೀಟರಿನಲ್ಲಿ ಸುಮಾರು 128 ಚದರ ಕಿಲೋಮೀಟರ್ ಬರೀ ಹಿನ್ನೀರು. ನೂರಕ್ಕೆ ಮೂವತ್ತರ ಹತ್ತಿರ. ಆ ನೀರಿನ ಅಡಿ ಇರುವುದು ಗದ್ದೆ, ತೋಟ, ಕಣ, ದೇವಸ್ಥಾನದ ಪಾಗಾರ. ನಿಮ್ಮ ನಕ್ಷೆಯನ್ನು ಪಕ್ಕದಲ್ಲಿಟ್ಟು ನೋಡಿದೆ. ನಿಮ್ಮ ಮನೆಯೂ ಆ ಗಡಿಯ ಒಳಗೇ ಬರುತ್ತದೆ. ಅಂದರೆ ನೀವು ಬಿಟ್ಟುಬಂದ ಮನೆ ಒಂದು ಅಭಯಾರಣ್ಯದಲ್ಲಿದೆ, ಈಗ ಇರುವ ಮನೆ ಇನ್ನೊಂದರಲ್ಲಿದೆ. ಎರಡೂ ಕಡೆ ನೀವು ಇದ್ದ ಮೇಲೆಯೇ ಗಡಿ ಬಂದದ್ದು. ಇದನ್ನು ಕಳೆದ ಸಂಚಿಕೆಯಲ್ಲಿ ಒಂದು ಸಾಲಿನಲ್ಲಾದರೂ ಹೇಳಬೇಕಿತ್ತು.

ನೀರಿನ ಮಾತು ಬಂದಾಗ ಹಿರೇಭಾಸ್ಕರ ನೆನಪಾಗುತ್ತದೆ. ಲಿಂಗನಮಕ್ಕಿಗಿಂತ ಮೊದಲು ಮಡೇನೂರಿನಲ್ಲಿ ಕಟ್ಟಿದ ಅಣೆಕಟ್ಟು ಅದು. ಜೋಗದ ಮೊದಲ ವಿದ್ಯುತ್ತಿಗೆ, 1948ರಲ್ಲಿ, ನೀರು ಬಂದದ್ದು ಅಲ್ಲಿಂದ. ಹೊಸ ಅಣೆಕಟ್ಟಿನ ನೀರಿನಲ್ಲಿ ಹಳೇ ಅಣೆಕಟ್ಟೇ ಮುಳುಗಿತು. ಮಳೆ ಕಡಿಮೆಯಾದ ವರ್ಷ ಬೇಸಿಗೆಯಲ್ಲಿ ಹಿನ್ನೀರು ಇಳಿದರೆ ಅದರ ದೊಡ್ಡ ದೊಡ್ಡ ಸೈಫನ್‌ಗಳು (ತುಂಬಿದ ನೀರು ತಾನೇ ಹೊರಗೆ ಹರಿಯುವ ಕೊಳವೆಗಳು) ಮೇಲೇಳುತ್ತವೆ. ಜನ ದೂರದಿಂದ ನೋಡಲು ಬರುತ್ತಾರೆ. ಅದೇ ಹೊತ್ತಿಗೆ ಹಳೇ ಊರುಗಳ ಬಾವಿಕಟ್ಟೆ, ಮರದ ಬುಡ ಕೂಡ ಕಾಣುತ್ತವೆ. ಅವನ್ನು ನೋಡಲು ಬರುವವರು ನಿಮ್ಮಂಥವರು ಮಾತ್ರ, ಅಲ್ವಾ?

ಇನ್ನು ಕಾಡಿನ ಮಾತು. ನಿಮ್ಮ ನಕ್ಷೆಯಲ್ಲಿ ಮನೆಯ ಮೇಲಕ್ಕೆ ಮೂರು ಹೆಸರಿದೆ: ಬೆಟ್ಟ, ಬ್ಯಾಣ, ಕಾನು. ಪೇಟೆಯವರಿಗೆ ಮೂರೂ ಕಾಡೇ. ನಮಗೆ ಮೂರೂ ಬೇರೆ. ತೋಟಕ್ಕೆ ಸೊಪ್ಪು, ದರಗು (ಒಣ ಎಲೆ) ಬರುವುದು ಬೆಟ್ಟದಿಂದ. ದನ ಮೇಯುವುದು ಬ್ಯಾಣದಲ್ಲಿ. ಕಾನಿಗೆ ಕತ್ತಿ ಹಿಡಿದುಕೊಂಡು ಸುಮ್ನೆ ಯಾರೂ ಹೋಗುತ್ತಿರಲಿಲ್ಲ. ಅಲ್ಲಿ ಚೌಡಿ ಇದ್ದಳು, ಭೂತಪ್ಪ ಇದ್ದ. ಊರಿಗೆ ನೀರು ಅಲ್ಲಿಂದ ಬರುತ್ತಿತ್ತು.

ಈ ಕಾನುಗಳ ವಿಷಯ ನಾನು ಸ್ವಲ್ಪ ಜಾಸ್ತಿಯೇ ಬರೆಯುತ್ತೇನೆ. ನಿಮ್ಮ ಪ್ರಶ್ನೆಗೆ ನನಗೆ ಗೊತ್ತಿರುವ ಒಳ್ಳೆಯ ಉತ್ತರ ಅಲ್ಲೇ ಇದೆ. ಬ್ರಿಟಿಷರ ಕಾಲದಲ್ಲಿ ಇಡೀ ದೇಶದ ಅರಣ್ಯ ಇಲಾಖೆಯ ಮೊದಲ ಮುಖ್ಯಸ್ಥರಾಗಿದ್ದವರು ಡೀಟ್ರಿಚ್ ಬ್ರಾಂಡಿಸ್. ಅವರು ಗ್ರಾಂಟ್ ಎಂಬ ಇನ್ನೊಬ್ಬ ಅಧಿಕಾರಿಯ ಜೊತೆ ಸೇರಿ 1868ರಲ್ಲಿ ಸೊರಬದ ಕಾನುಗಳ ಬಗ್ಗೆ ವರದಿ ಬರೆದರು. ಆ ಒಂದೇ ತಾಲ್ಲೂಕಿನಲ್ಲಿ ಅವರು ಲೆಕ್ಕ ಹಾಕಿದ ಕಾನು 171. ಒಟ್ಟು 32 ಸಾವಿರ ಎಕರೆಗೂ ಜಾಸ್ತಿ. ಸುತ್ತಲೂ ಎಲೆ ಉದುರುವ ಕಾಡು, ಗದ್ದೆ, ಹುಲ್ಲು. ನಡುನಡುವೆ ಕಡು ಹಸಿರಿನ ಕಾನು. ಅದರಲ್ಲಿ ಕಾಳುಮೆಣಸಿನ ಬಳ್ಳಿ, ಬೈನೆ ಮರ, ಹಲಸು. ಊರಿನವರು ಕಾನಿಗೆ ಕಂದಾಯ ಕಟ್ಟುತ್ತಿದ್ದರು, ಮೆಣಸು ಕೊಯ್ಯುತ್ತಿದ್ದರು, ಬೈನೆ ಮರದಿಂದ ಹೆಂಡ ಇಳಿಸುತ್ತಿದ್ದರು. ಮರ ಮಾತ್ರ ಕಡಿಯುತ್ತಿರಲಿಲ್ಲ.

ಮನುಷ್ಯರು ಇಲ್ಲದ್ದಕ್ಕೆ ಕಾನು ಉಳಿದದ್ದಲ್ಲ. ಮನುಷ್ಯರು ನೋಡಿಕೊಂಡದ್ದಕ್ಕೆ ಉಳಿದದ್ದು. ಆಮೇಲೆ ಕಾನು ಸರ್ಕಾರದ ಲೆಕ್ಕಕ್ಕೆ ಹೋಯಿತು. ಜನರ ಹಕ್ಕು ಕಡಿಮೆಯಾಯಿತು. ಹಕ್ಕು ಹೋದ ಕಡೆ ಕಾಳಜಿಯೂ ಹೋಯಿತು. ಇದೇ ಸೊರಬದ ಕ್ಯಾಸನೂರಿನ ಹೆಸರನ್ನು 1957ರಲ್ಲಿ ಮಂಗನ ಕಾಯಿಲೆಗೆ ಇಟ್ಟರು. ಕಾಡಿನಲ್ಲಿ ಮಂಗಗಳು ಸತ್ತು ಬಿದ್ದವು, ಉಣುಗಿನಿಂದ ಜ್ವರ ಜನರಿಗೂ ಬಂತು. ಕಾಡಿನ ಪಕ್ಕದ ಬದುಕು ಬರೀ ಚಂದದ ಚಿತ್ರ ಅಲ್ಲ ಅನ್ನುವುದು ನನಗೂ ಗೊತ್ತು. 2019ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ ಎಷ್ಟು ಮನೆ ಅತ್ತವು ಅನ್ನುವುದೂ ನಮಗೆಲ್ಲ ನೆನಪಿದೆ.

ಇನ್ನೂ ಹಿಂದಕ್ಕೆ ಹೋದರೂ ಇದೇ ಕಥೆ. ಶರಾವತಿಯ ಕೆಳದಂಡೆಯ ಗೇರುಸೊಪ್ಪೆಯಲ್ಲಿ ಕಾಡಿನ ನಡುವೆ ಚತುರ್ಮುಖ ಬಸದಿ ಒಂಟಿಯಾಗಿ ನಿಂತಿದೆ. ಒಂದು ಕಾಲಕ್ಕೆ ಅಲ್ಲಿ ಪಟ್ಟಣವಿತ್ತು. ಅದನ್ನು ಆಳಿದವಳು ಚೆನ್ನಭೈರಾದೇವಿ. ಮೆಣಸಿನ ವ್ಯಾಪಾರ ನೋಡಿ ಪೋರ್ಚುಗೀಸರು ಅವಳನ್ನು ಮೆಣಸಿನ ರಾಣಿ ಅಂದರು. ಅವಳ ಕಾನೂರು ಕೋಟೆ ಸಾಗರ ತಾಲ್ಲೂಕಿನ ದಟ್ಟ ಕಾಡಿನಲ್ಲಿದೆ. ಕೋಟೆಯ ಗೋಡೆಯನ್ನು ಬೇರುಗಳು ಹಿಡಿದುಕೊಂಡಿವೆ. ಇವತ್ತು ನಾವು ಮೂಲ ಅರಣ್ಯ ಅಂದುಕೊಂಡು ನಡೆಯುವ ಕೆಲವು ಕಡೆ ನಾಲ್ಕು ನೂರು ವರ್ಷದ ಹಿಂದೆ ಪೇಟೆಬೀದಿ ಇತ್ತು. ನನಗೆ ಇದು ಭರವಸೆಯ ಮಾತು. ಬಿಟ್ಟರೆ ಕಾಡು ವಾಪಸ್ ಬರುತ್ತದೆ.

ಆದರೆ ಬಿಡಬೇಕಲ್ಲ. ನೀವು ಈಗ ಇರುವ ಕಡೆಯ ಕಾಡನ್ನೇ ನೋಡಿ. ಭದ್ರಾವತಿಯ ಕಬ್ಬಿಣದ ಕಾರ್ಖಾನೆ 1923ರಲ್ಲಿ ಉತ್ಪಾದನೆ ಶುರು ಮಾಡಿದಾಗ ಕುಲುಮೆಗೆ ಕಲ್ಲಿದ್ದಲು ಇರಲಿಲ್ಲ, ಮರದ ಇದ್ದಿಲು ಬೇಕಿತ್ತು. ಕಾಡಿನೊಳಗೆ ಟ್ರಾಮ್ ಹಳಿ ಹಾಕಿ ಸೌದೆ ಹೊತ್ತರು. ಆಮೇಲೆ ಕಾಗದದ ಕಾರ್ಖಾನೆ ಬಂತು, ಬಿದಿರು ಹೋಯಿತು. 1980ರಲ್ಲಿ ನೆಡುತೋಪಿಗೆ ಅಂತ ಅರಣ್ಯಭೂಮಿಯನ್ನು 40 ವರ್ಷದ ಗುತ್ತಿಗೆಗೆ ಕೊಟ್ಟರು. ನೀಲಗಿರಿ, ಅಕೇಶಿಯಾ ಬಂದವು. ಆ ಕಾರ್ಖಾನೆಗಳು ಸಾವಿರಾರು ಮನೆಗೆ ಅನ್ನ ಕೊಟ್ಟವು, ಅದನ್ನು ನಾನು ಮರೆಯುವುದಿಲ್ಲ. ಆದರೆ ಕಾಡು ಕರಗಿದ್ದು ಯಾರಿಂದ ಅಂತ ಕೇಳಿದರೆ ಎರಡು ಎಕರೆ ಗದ್ದೆ ಮಾಡಿದವರ ಕಡೆ ಬೆರಳು ತೋರಿಸುವುದು ಸರಿಯಲ್ಲ.

ಈಗ ಹಕ್ಕುಪತ್ರ. ಇದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಆದರೂ ಬೇರೆ ಓದುಗರಿಗಾಗಿ ಬರೆಯುತ್ತೇನೆ. ಮುಳುಗಡೆಯವರನ್ನು ಅರಣ್ಯಭೂಮಿಗೆ ತಂದದ್ದು ಸರ್ಕಾರವೇ. ಆದರೆ ಆ ಭೂಮಿಯನ್ನು ದಾಖಲೆಯಲ್ಲಿ ಅರಣ್ಯದಿಂದ ಬಿಡಿಸುವ ಕೆಲಸವನ್ನು ಪೂರ್ತಿ ಮಾಡಲಿಲ್ಲ. 1974ರಲ್ಲಿ ಶೆಟ್ಟಿಹಳ್ಳಿ ಅಭಯಾರಣ್ಯವಾಯಿತು, ಸುಮಾರು 395 ಚದರ ಕಿಲೋಮೀಟರ್. 1980ರಲ್ಲಿ ಅರಣ್ಯ ಸಂರಕ್ಷಣಾ ಕಾಯ್ದೆ ಬಂತು. ಅಲ್ಲಿಂದ ಮುಂದೆ ಕೇಂದ್ರದ ಒಪ್ಪಿಗೆ ಇಲ್ಲದೆ ಒಂದು ಗುಂಟೆಯನ್ನೂ ಬಿಡಿಸುವಂತಿಲ್ಲ. ರಾಜ್ಯ ಸರ್ಕಾರ ಆಮೇಲೆ ಆ ಒಪ್ಪಿಗೆ ಇಲ್ಲದೆಯೇ ಮುಳುಗಡೆಯವರ ಜಮೀನು ಬಿಡಿಸುವ ಆದೇಶಗಳನ್ನು ಹೊರಡಿಸಿತು. ಹೈಕೋರ್ಟ್ 2021ರಲ್ಲಿ ಅವನ್ನು ರದ್ದು ಮಾಡಿತು. ಕೆಲವರು ಕೈಗೆ ಬಂದ ಕಾಗದವನ್ನೂ ಕಳೆದುಕೊಂಡರು.

ಹಾಗಾದರೆ 2006ರ ಅರಣ್ಯ ಹಕ್ಕು ಕಾಯ್ದೆಯಲ್ಲಿ ಅರ್ಜಿ ಹಾಕಬಹುದಲ್ಲ ಅನ್ನುತ್ತಾರೆ. ಬುಡಕಟ್ಟಿಗೆ ಸೇರದವರು 2005ರ ಡಿಸೆಂಬರ್ 13ಕ್ಕೆ ಮೊದಲು ಮೂರು ತಲೆಮಾರು, ಅಂದರೆ 75 ವರ್ಷ, ಕಾಡನ್ನೇ ನಂಬಿ ಅಲ್ಲೇ ಇದ್ದರು ಅಂತ ತೋರಿಸಬೇಕು. ಲೆಕ್ಕ ಹಾಕಿದರೆ 1930ಕ್ಕೆ ಹೋಗುತ್ತದೆ. ನಿಮ್ಮ ಮನೆಯವರು ಬಂದದ್ದು 1960ರ ದಶಕದಲ್ಲಿ. 1930ರಲ್ಲಿ ನಿಮ್ಮಜ್ಜ ಇದ್ದ ಊರು ನೀರಿನ ಅಡಿಯಲ್ಲಿದೆ. ಸರ್ಕಾರವೇ ಎಬ್ಬಿಸಿದ್ದರಿಂದ ಈ 75 ವರ್ಷ ತುಂಬಲಿಲ್ಲ. ಹಾಗಿರುವಾಗ ಸರ್ಕಾರ ಎಬ್ಬಿಸಿ ತಂದವರನ್ನು ಒತ್ತುವರಿದಾರರು ಅನ್ನುವುದು ಅನ್ಯಾಯ. ನಮ್ಮ ಪತ್ರಿಕೆಯಲ್ಲಿ ಇನ್ನು ಮುಂದೆ ಮುಳುಗಡೆಯವರಿಗೆ ಆ ಪದ ಬಳಸುವುದಿಲ್ಲ. ರಾಜ್ಯ ಸರಿಯಾಗಿ ಸರ್ವೆ ಮಾಡಿ, ಮನೆಮನೆಯ ದಾಖಲೆ ಇಟ್ಟು, ಕೇಂದ್ರದ ಒಪ್ಪಿಗೆ ತರಬೇಕು. ಅದೊಂದೇ ದಾರಿ ಇರುವುದು. ಅದು ಮುಗಿಯುವವರೆಗೆ ನಾವು ಬರೆಯುತ್ತಲೇ ಇರುತ್ತೇವೆ.

ಕಡೆಯ ಪ್ರಶ್ನೆಗೆ ಬರುತ್ತೇನೆ. ಕಾಡು ಉಳಿಸಿ ಅಂತ ನಿಮಗೆ ಯಾಕೆ ಹೇಳುತ್ತೀರಿ ಅಂದಿರಿ. ನಿಮಗೆ ಹೇಳುವ ಹಾಗೆ ಬರೆದದ್ದು ತಪ್ಪೇ. ಆದರೆ ಹೇಳುವುದನ್ನು ಬಿಡಲು ನನ್ನಿಂದ ಆಗುವುದಿಲ್ಲ, ಅಕ್ಕೋರೇ.

ಸಾಗರದಿಂದ ಹೊನ್ನಾವರದ ಕಡೆ ಹೋಗುವಾಗ ಸಿದ್ದಾಪುರ ತಾಲ್ಲೂಕಿನಲ್ಲಿ ಕತ್ತಲೆಕಾನು ಸಿಗುತ್ತದೆ. ಮಟಮಟ ಮಧ್ಯಾಹ್ನವೂ ಒಳಗೆ ಮಬ್ಬು. ಅಲ್ಲಿ ರಾಮಪತ್ರೆ ಜಾತಿಯ ಮರಗಳ ಜಡ್ಡಿ ಇದೆ. ಯಾವಾಗಲೂ ನೀರು ನಿಂತ ಕೆಸರು, ಅದರಲ್ಲಿ ನಿಂತ ಮರಗಳು. ಕೆಸರಿನಲ್ಲಿ ಉಸಿರಾಡಲು ಆಗುವುದಿಲ್ಲ ಅಂತ ಬೇರು ಮಂಡಿ ಮಡಚಿದ ಹಾಗೆ ಮೇಲಕ್ಕೆ ಎದ್ದು ಮತ್ತೆ ಕೆಳಗೆ ಹೋಗುತ್ತದೆ. ಲೋಕಕ್ಕೆ ಗೊತ್ತೇ ಇರದ, ಗೇರಿನ ಕುಟುಂಬದ ಒಂದು ಮರವನ್ನು ಇಲ್ಲಿ ಗುರುತಿಸಿ 2000ದಲ್ಲಿ ಆ ಕಾನಿನ ಹೆಸರನ್ನೇ ಅದಕ್ಕೆ ಇಟ್ಟರು. ಇಂಥ ಕಾಡಿರುವ ಕಡೆ ಹಳ್ಳ ಏಪ್ರಿಲಿನಲ್ಲೂ ಹರಿಯುತ್ತದೆ. ಕಡಿದ ಕಡೆ ಶಿವರಾತ್ರಿಯ ಹೊತ್ತಿಗೇ ಬತ್ತುತ್ತದೆ. ತೋಟ ಇರುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಸಿಂಗಳೀಕ ಇರುವುದೂ ಇಂಥ ಕಡೆಯೇ. ಮರದಿಂದ ಮರಕ್ಕೆ ಹೋಗುವ ಪ್ರಾಣಿ, ನೆಲಕ್ಕೆ ಇಳಿಯುವುದು ಕಡಿಮೆ. ಹೆಣ್ಣು ಎರಡು ಮೂರು ವರ್ಷಕ್ಕೊಮ್ಮೆ ಒಂದೇ ಮರಿ ಹಾಕುತ್ತದೆ. ಲೋಕದಲ್ಲಿ ಪಶ್ಚಿಮಘಟ್ಟ ಬಿಟ್ಟರೆ ಬೇರೆಲ್ಲೂ ಇಲ್ಲ, ಅದರ ನೆಲೆಯ ಉತ್ತರದ ತುದಿ ನಮ್ಮ ಭಾಗ. 2019ರಲ್ಲಿ ಶರಾವತಿ ಅಭಯಾರಣ್ಯವನ್ನು ಅಘನಾಶಿನಿ ಕಡೆಗೂ ಹಿಗ್ಗಿಸಿ ಸುಮಾರು 930 ಚದರ ಕಿಲೋಮೀಟರ್ ಮಾಡಿ ಸಿಂಗಳೀಕದ ಹೆಸರನ್ನೇ ಇಟ್ಟದ್ದು ಇದಕ್ಕೇ. ಉಪ್ಪಾಗೆ (ಕಾಡಿನ ಒಂದು ಹುಳಿ ಹಣ್ಣು) ಕೊಯ್ಯುವವರಿಗೂ ಸಿಂಗಳೀಕಕ್ಕೂ ಅದೇ ಹಣ್ಣು ಬೇಕು, ಅದು ನಿಜ. ಕುಳಿತು ಮಾತಾಡಿದರೆ ಬಗೆಹರಿಯುವ ವಿಷಯ ಅದು.

ಈಗ ಅದೇ ಕಣಿವೆಯಲ್ಲಿ ತಳಕಳಲೆ ಮತ್ತು ಗೇರುಸೊಪ್ಪೆ ಜಲಾಶಯಗಳ ನಡುವೆ ನೆಲದೊಳಗೆ ಸುರಂಗ ಕೊರೆದು 2000 ಮೆಗಾವಾಟ್‌ನ ಪಂಪ್ಡ್ ಸ್ಟೋರೇಜ್ ಯೋಜನೆ ಮಾಡಲು ಹೊರಟಿದ್ದಾರೆ. ಕರೆಂಟು ಬೇಡಿಕೆ ಕಡಿಮೆ ಇರುವಾಗ ನೀರನ್ನು ಮೇಲಕ್ಕೆ ಎತ್ತಿ, ಜಾಸ್ತಿ ಇರುವಾಗ ಕೆಳಕ್ಕೆ ಬಿಟ್ಟು ವಿದ್ಯುತ್ ತೆಗೆಯುವುದು. ಸಿಂಗಳೀಕದ ಕಾಡೇ ಅದಕ್ಕೆ ದಾರಿ. ನಾವು ಇದನ್ನು ವಿರೋಧಿಸುತ್ತೇವೆ. 1964ರಲ್ಲಿ ನಾಡಿಗೆ ಬೆಳಕು ಬೇಕು ಅಂದರು, ನಿಮ್ಮಪ್ಪ ಮನೆ ಬಿಟ್ಟುಕೊಟ್ಟರು. ನದಿಯ ಆಚೆ ದಂಡೆಯ ತುಮರಿ ಕಡೆಯವರು ಹೆಚ್ಚುಕಡಿಮೆ 60 ವರ್ಷ ದೋಣಿ, ಲಾಂಚ್ ಕಾದರು. ಸಿಗಂದೂರಿನ ಸೇತುವೆ ಅವರಿಗೆ ಸಿಕ್ಕಿದ್ದು 2025ರ ಜುಲೈನಲ್ಲಿ. ಆ ಲೆಕ್ಕವೇ ಇನ್ನೂ ಚುಕ್ತಾ ಆಗಿಲ್ಲ. ಅದೇ ಕಣಿವೆಯಿಂದ ಇನ್ನೊಮ್ಮೆ ಕೇಳುವುದು ಸರಿಯಲ್ಲ. ಈ ಮಾತನ್ನು ನಾನೊಬ್ಬ ಹೇಳಿದರೆ ಪಟ್ಟಣದ ಪರಿಸರಪ್ರೇಮಿ ಅನ್ನುತ್ತಾರೆ. ಮುಳುಗಡೆಯವರು ಹೇಳಿದರೆ ಯಾರೂ ಹಾಗೆ ತಳ್ಳಿಹಾಕಲು ಆಗುವುದಿಲ್ಲ. ನಿಮ್ಮಿಂದ ಲೇಖನ ಕೇಳಲು ನನಗೆ ಇದೇ ಕಾರಣ. ಎಷ್ಟು ಪುಟವಾದರೂ ಸರಿ.

ನಿಮ್ಮ ನಕ್ಷೆಯನ್ನು ಮುಂದಿನ ಸಂಚಿಕೆಯ ನಡುಪುಟದಲ್ಲಿ ಪೂರ್ತಿ ಅಚ್ಚು ಮಾಡುತ್ತಿದ್ದೇವೆ. ಎಲ್ಲ ಹೆಸರನ್ನೂ ನೀವು ಬರೆದ ಹಾಗೇ ಇಡುತ್ತೇವೆ. ಒಂದು ಮಾತ್ರ ಓದಲು ಆಗಲಿಲ್ಲ. ಕಾನಿಗೆ ಹೋಗುವ ದಾರಿಯಲ್ಲಿ, ದಣಪೆ (ಬೇಲಿಯ ದಾಟುಗಂಡಿ) ದಾಟಿದ ಮೇಲೆ ಎಡಕ್ಕೆ ಒಂದು ಹಲಸಿನ ಮರ ಬರೆದಿದ್ದೀರಿ. ಅದರ ಪಕ್ಕ ಪೆನ್ಸಿಲಿನಲ್ಲಿ ಏನೋ ಇದೆ. ಅಂಚೆಯಲ್ಲಿ ಬರುವಾಗ ಮಡಿಕೆಯಲ್ಲಿ ಅಳಿಸಿದೆ. ಯಾರದ್ದೋ ಮನೆಯ ಹೆಸರೋ, ಬಾವಿಯ ಹೆಸರೋ ಗೊತ್ತಾಗುತ್ತಿಲ್ಲ. ಅದೊಂದನ್ನು ಕಾರ್ಡಿನಲ್ಲಿ ಬರೆದು ಹಾಕಿ. ಈ ತಿಂಗಳ 20ರವರೆಗೆ ಪುಟ ಹಿಡಿದಿಟ್ಟಿರುತ್ತೇನೆ.

— ಸಂಪಾದಕ